ಜರ್ಮನಿಗೆ ಹೋದ ಬಯೋಡಾಟಾ

ಸೀಟು ಸಿಕ್ಕ ದಿನ ನಮ್ಮ ದೇವಿ ನೆಟ್ ಸೆಂಟರಿನಿಂದ ಮನೆಯವರೆಗೂ ಓಡಿಕೊಂಡೇ ಬಂದಿದ್ದಳು. ಹಿಮಾಯತ್‌ನಗರದ ಮುಖ್ಯ ರಸ್ತೆಯಲ್ಲಿ ಸಂಜೆ ಆರಕ್ಕೆ ನಡೆಯುವುದಕ್ಕೇ ಜಾಗ ಇರುವುದಿಲ್ಲ, ಇವಳು ಹೇಗೆ ಓಡಿದಳೋ ಗೊತ್ತಿಲ್ಲ. ಒಂದು ಚಪ್ಪಲಿ ಉಂಗುಷ್ಟ ಕಿತ್ತು ಕೈಯಲ್ಲಿತ್ತು. ನಾನು ಆಗತಾನೆ ಆಫೀಸಿನಿಂದ ಬಂದು, ಸೀರೆ ಕೂಡ ಬದಲಿಸದೆ ಜೋಳದ ಹಿಟ್ಟು ನಾದುತ್ತಿದ್ದೆ.

"ಅವ್ವಾ, ತಗೊಂಡ್ರು," ಅಂದಳು.

"ಯಾರು? ಏನು ತಗೊಂಡ್ರು?"

"ನನ್ನ. ಜರ್ಮನಿಯವರು ನನ್ನ ತಗೊಂಡ್ರು."

ಹಿಟ್ಟಿನ ಕೈಯಲ್ಲೇ ಅವಳನ್ನು ಅಪ್ಪಿಕೊಂಡೆ. ಅವಳ ಕರಿ ಚೂಡಿದಾರದ ಬೆನ್ನ ಮೇಲೆ ನನ್ನ ಹತ್ತು ಬೆರಳು ಮೂಡಿದವು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಿಂದ ಕಂಪನಿ ಬಸ್ಸಿಳಿದು ಬಂದ ನಮ್ಮವರು, ಬಸವರಾಜ, ಮೊದಲು ನೋಡಿದ್ದು ಆ ಬೆರಳುಗಳನ್ನೇ. "ಯಾಕ ಹೊಡದಿ ಅಕಿನ್ನ?" ಅಂದರು.

ಶಿವದೇವಿ ನಮ್ಮ ಒಬ್ಬಳೇ ಮಗಳು. ಅತ್ತೆಯವರ ಹೆಸರು ಇಟ್ಟದ್ದು. ಕರೆಯುವುದು ದೇವಿ ಎಂದು. ಹೈದರಾಬಾದಿನಲ್ಲೇ ಜರ್ಮನ್ ಎಂ.ಎ. ಮುಗಿಸಿದ್ದಳು. ಇದು ನಮ್ಮ ನೆಂಟರಲ್ಲಿ ದೊಡ್ಡ ನಗೆಯ ವಿಷಯ. ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಕೇಳುವವರೇ: "ಜರ್ಮನ್ ಕಲಿತು ಯಾರ ಜೋಡಿ ಮಾತಾಡ್ತಾಳವಾ ನಿನ್ನ ಮಗಳು?" ನೂರೈವತ್ತು ವರ್ಷದ ಹಿಂದೆ ಧಾರವಾಡ, ಹುಬ್ಬಳ್ಳಿ ಕಡೆಗೆ ಬಂದಿದ್ದ ಜರ್ಮನ್ ಪಾದ್ರಿಗಳು ತಮ್ಮ ಊರಿಗೆ ಬರೆದ ಪತ್ರಗಳನ್ನು ಓದಿ ಸಂಶೋಧನೆ ಮಾಡಬೇಕು ಎನ್ನುವುದು ಅವಳ ಆಸೆ. ಆ ಪತ್ರಗಳು ಇರುವ ಊರಿನ ವಿಶ್ವವಿದ್ಯಾಲಯವೇ ಈಗ ಅವಳನ್ನು ಕರೆದಿತ್ತು.

ಸೀಟು ಬೇರೆ, ರೊಕ್ಕ ಬೇರೆ. ಊಟವಾದ ಮೇಲೆ ದೇವಿ ನಾಲ್ಕು ಹಾಳೆಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟಳು.

"ಇದು ಅಲ್ಲಿನ ಸರಕಾರದ ಸ್ಕಾಲರ್‌ಶಿಪ್. ದೊಡ್ಡದು. ಈ ವರ್ಷದ ತಾರೀಖು ಮುಗದೈತಿ, ಅಲ್ಲಿಗೆ ಹೋದ ಮ್ಯಾಲ ಮುಂದಿನ ವರ್ಷಕ್ಕ ಹಾಕಬಹುದು. ಇದು ವಿಭಾಗದಾಗ ಪಾಠ ಹೇಳೋ ಕೆಲಸ, ಪಗಾರ ಕೊಡ್ತಾರ. ಆದ್ರ ಎರಡನೇ ವರ್ಷದಿಂದ."

"ಅಂದ್ರ ಒಂದ ವರ್ಷದ ಮಾತು," ಅಂದರು ಅವರ ಅಪ್ಪ.

"ಒಂದ ವರ್ಷ, ಅಪ್ಪಾಜಿ. ಮೊದಲನೇದು ದಾಟಿದ್ರ ಮುಂದ ನನ್ನ ಕಾಲ ಮ್ಯಾಲ ನಾನು. ಆ ಒಂದು ವರ್ಷಕ್ಕ ಮೂರನೇದು ಬ್ಯಾಂಕಿನ ಸಾಲ."

"ಮತ್ತ ನಾಕನೇದು?" ನಾನು ಕೇಳಿದೆ. ಆ ಹಾಳೆಯ ಮೇಲೆ ಅವಳು ಕೈ ಇಟ್ಟುಕೊಂಡೇ ಕೂತಿದ್ದಳು.

ಆ ಊರಿನಲ್ಲಿ ಒಬ್ಬ ಶಾಲಾ ಶಿಕ್ಷಕಿ ಇದ್ದರಂತೆ. ಹಿಂದೆ ಮುಂದೆ ಯಾರೂ ಇಲ್ಲ. ಸಾಯುವಾಗ ತಮ್ಮ ಮನೆಯನ್ನು ಆ ವಿಭಾಗಕ್ಕೆ ಬರೆದುಕೊಟ್ಟರು. ಅದರ ಬಾಡಿಗೆಯಲ್ಲಿ ಪ್ರತಿವರ್ಷ ಹೊರದೇಶದ ಒಬ್ಬ ಬಡ ವಿದ್ಯಾರ್ಥಿಗೆ ಒಂದು ವರ್ಷದ ಪೂರ್ತಿ ಖರ್ಚು ಕೊಡುತ್ತಾರೆ. ಒಬ್ಬರಿಗೆ ಮಾತ್ರ.

"ನಮಗಂತನ ಮಾಡಿಟ್ಟು ಹೋಗ್ಯಾಳ ಆ ತಾಯಿ," ಅಂದೆ. ಖರೆ ಹೇಳಬೇಕೆಂದರೆ ಆ ದಿನವಿಡೀ ಆಫೀಸಿನಲ್ಲಿ ಟೈಪು ಮಾಡಿ ನನ್ನ ಬೆನ್ನು ಬಿದ್ದುಹೋಗಿತ್ತು. ಆ ಹಾಳೆ ನೋಡಿ ಎಲ್ಲ ಮರೆತುಹೋಯಿತು.

ಬ್ಯಾಂಕಿಗೂ ಹೋಗಿ ಬಂದೆವು, ಇಲ್ಲವೆನ್ನುವುದಿಲ್ಲ. ಮ್ಯಾನೇಜರು ರಾಮಕೃಷ್ಣ ಅವರು ನನ್ನ ಪಗಾರದ ಖಾತೆ ನೋಡಿಕೊಂಡಿರುವವರು, ಒಳ್ಳೆಯ ಮನುಷ್ಯ. ಚಹಾ ತರಿಸಿದರು. "ಇಂಜಿನಿಯರಿಂಗಾ, ಮೆಡಿಸಿನಾ?" ಎಂದು ತೆಲುಗಿನಲ್ಲಿ ಕೇಳಿದರು. ದೇವಿ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಪಾತ ಉತ್ತರಾಲು ಚದವಡಾನಿಕಾ?" ಅಂದರು, ಹಳೇ ಕಾಗದ ಓದುವುದಕ್ಕಾ, ಎಂದು. ಅದಕ್ಕೆ ಸಾಲ ಕೊಡುವ ಕಾಲಂ ಅವರ ಹತ್ತಿರ ಇರಲಿಲ್ಲ. ಚಹಾ ಮಾತ್ರ ಚೆನ್ನಾಗಿತ್ತು.

ಹೀಗೆ ಎಲ್ಲ ಬಂದು ನಿಂತದ್ದು ಆ ಶಿಕ್ಷಕಿಯ ಮನೆಯ ಬಾಡಿಗೆಯ ಮೇಲೆ.

ಅರ್ಜಿ ಕಳಿಸುವ ಕೊನೆಯ ದಿನಗಳಲ್ಲಿ ದೇವಿಗೆ ಮೂರು ದಿನದ ಕೆಲಸ ಸಿಕ್ಕಿತು. ಅವರಪ್ಪನ ಕಾರ್ಖಾನೆಗೆ ಗುಳಿಗೆ ಒತ್ತುವ ಹೊಸ ಮಷೀನು ಬಂದಿತ್ತು, ಅದನ್ನು ಕೂರಿಸಲು ಜರ್ಮನಿಯಿಂದ ಒಬ್ಬ ಫಿಟ್ಟರ್ ಬಂದಿದ್ದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನ ಮಾತು ಇವರಿಗೆ, ಇವರ ಮಾತು ಅವನಿಗೆ ದಾಟಿಸುವುದಕ್ಕೆ ದೇವಿ ಅಪ್ಪನ ಜೊತೆ ಕಂಪನಿ ಬಸ್ಸು ಹತ್ತಿದಳು. ಹೋಗುವಾಗ ಅರ್ಜಿಯ ಲಕೋಟೆ ನನ್ನ ಕೈಗೆ ಕೊಟ್ಟಳು.

"ಎಲ್ಲಾ ತುಂಬೀನಿ, ಸಹಿನೂ ಮಾಡೀನಿ. ಮೂರನೇ ಪುಟ ಅಷ್ಟ ಉಳದೈತಿ, ಮನೆಯವರ ಮಾಹಿತಿ. ಅದನ್ನ ಪಾಲಕರ ತುಂಬಬೇಕಂತ ಐತಿ. ನಿನ್ನ ಅಕ್ಷರ ಛಲೋ ಅದಾವ, ಇಂಗ್ಲಿಷ್‌ನಾಗ ಬರದು ಸಂಜೀ ಐದರೊಳಗ ಕೊರಿಯರ್‌ಗೆ ಹಾಕಿಬಿಡವಾ."

ನನ್ನ ಅಕ್ಷರದ ವಿಷಯ ಒಂದು ಮಾತು ಹೇಳಲೇಬೇಕು. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ರಾಯಚೂರು, ಗುಲ್ಬರ್ಗಾ ಕಡೆಯ ಜನರಲ್ಲಿ ಮದುವೆಗೆ ಬಂದ ಮಕ್ಕಳ ಬಯೋಡಾಟಾ ಬರೆಸುವುದಿದ್ದರೆ ನನ್ನ ಹತ್ತಿರ ಬರುತ್ತಾರೆ. ಇಪ್ಪತ್ತು ವರ್ಷದಲ್ಲಿ ನೂರಾರು ಬರೆದಿದ್ದೇನೆ. ಅದಕ್ಕೊಂದು ರೀತಿ ಇದೆ. ಸುಳ್ಳು ಬರೆಯಬಾರದು, ಆದರೆ ಖರೆಯನ್ನು ಇಸ್ತ್ರಿ ಮಾಡಿ ಬರೆಯಬೇಕು. ಹೊಲ ಇದ್ದರೆ ಎಷ್ಟು ಎಕರೆ ಎಂದು ಬರೆಯಬೇಕು, ಅದರಲ್ಲಿ ಏನು ಬೆಳೆಯುತ್ತದೆಂದು ಬರೆಯಬಾರದು. ಮನೆ ಇದ್ದರೆ 'ಸ್ವಂತ ಮನೆ' ಅನ್ನಬೇಕು, ಎಷ್ಟು ಜನ ಅಣ್ಣತಮ್ಮಂದಿರಿಗೆ ಸೇರಿದ್ದು ಎನ್ನುವುದನ್ನು ಆ ಕಡೆಯವರೇ ಕೇಳಿಕೊಳ್ಳಲಿ. ತಾಯಿಯ ಕಡೆ ದೊಡ್ಡ ನೌಕರಿಯವರಿದ್ದರೆ ಮರೆಯಬಾರದು. ಕೊಡುವ ತೆಗೆದುಕೊಳ್ಳುವ ಮಾತು ಬಂದಲ್ಲಿ ಅಂಕಿ ಹಾಕುವುದು ಮರ್ಯಾದಸ್ಥರ ಲಕ್ಷಣವಲ್ಲ. 'ತಮ್ಮ ಅನುಕೂಲದಂತೆ' ಎಂದು ಬರೆದು ಕೈ ತೊಳೆದುಕೊಳ್ಳಬೇಕು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆಫೀಸಿನ ಮೇಜಿನ ಮೇಲೆ ಆ ಮೂರನೇ ಪುಟ ಹರಡಿಕೊಂಡೆ. ತಂದೆಯ ಉದ್ಯೋಗ. ಕುಟುಂಬದ ಆಸ್ತಿ. ನೆರವಾಗಬಲ್ಲ ಬಂಧುಗಳು. ನಿಮಗೆ ಬೇಕಾದ ಮೊತ್ತ. ಕಾಲಂಗಳೆಲ್ಲ ನನಗೆ ಪರಿಚಿತವಾಗಿಯೇ ಕಂಡವು. ಕೈ ತಾನಾಗಿ ಓಡಿತು. ಹತ್ತು ನಿಮಿಷವೂ ಆಗಲಿಲ್ಲ. ಪಕ್ಕದ ಮೇಜಿನ ಜಯಮ್ಮ ನೋಡಿ, "ನಲಿನಿ ಅಕ್ಕಾರ, ಮುತ್ತು ಪೋಣಿಸಿದಂಗೈತ್ರಿ," ಅಂದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಕೊರಿಯರ್‌ಗೆ ಹಾಕಿದೆ.

ಹನ್ನೆರಡು ದಿನದ ಮೇಲೆ, ಒಂದು ಮಂಗಳವಾರ, ದೇವಿ ನೆಟ್ ಸೆಂಟರಿನಿಂದ ನಡೆದುಕೊಂಡು ಬಂದಳು. ಬಂದವಳು ಚಪ್ಪಲಿ ಕೂಡ ಬಿಡದೆ ನನ್ನೆದುರು ನಿಂತಳು.

"ಮೂರನೇ ಪುಟದಾಗ ಏನ್ ಬರದಿದ್ದಿ?"

"ಇದ್ದದ್ದ ಬರದೀನಿ."

"ಅಪ್ಪಾಜಿ ಆಫೀಸರ್ ಏನು?"

"ಬಾಯ್ಲರ್ ಸೆಕ್ಷನ್ನಿಗೆ ಇನ್‌ಚಾರ್ಜ್ ಅಂದ್ರ ಆಫೀಸರ್ ಇದ್ದಂಗನ ಅಲ್ಲೇನು."

ಒಳಗೆ ಊಟಕ್ಕೆ ಕೂತಿದ್ದ ನಮ್ಮವರು, "ಯಾವಾಗಿಂದ? ನನಗ ಯಾರೂ ಹೇಳಿಲ್ಲಲ್ಲ," ಅಂದರು.

"ಎಂಟು ಎಕರೆ ಜಮೀನು?" ದೇವಿ ಬಿಡಲಿಲ್ಲ.

"ಸುಳ್ಳೇನು? ಲಿಂಗಸೂಗೂರಿಗೆ ಹೋಗಿ ಅಳದು ನೋಡ್ಲಿ."

"ಅಳದ್ರ ಬರೇ ಕಲ್ಲ ಸಿಗತಾವ," ಒಳಗಿಂದ ಮತ್ತೆ ದನಿ ಬಂತು.

"ನೀವು ಸುಮ್ಮನ ಊಟಾ ಮಾಡ್ರಿ."

"ಅಪ್ಪಾಜಿ, ನಗಬ್ಯಾಡ್ರಿ. ಎಷ್ಟು ರೊಕ್ಕ ಬೇಕು ಅಂತ ಕೇಳಿದಲ್ಲೆ ಏನ್ ಬರದಾಳ ಗೊತ್ತೇನು? 'ತಮ್ಮ ಅನುಕೂಲದಂತೆ. ನಮ್ಮದೇನೂ ಬೇಡಿಕೆ ಇಲ್ಲ.' ಅವರೇನು ನಮ್ಮ ಬೀಗರೇನವಾ?"

ಒಳಗೆ ತಾಟಿನ ಸಪ್ಪಳ ನಿಂತಿತು. ನಮ್ಮವರು ಎಂಜಲ ಕೈಯಲ್ಲೇ ಎದ್ದು ಬಂದರು. ಈಗ ನಗುತ್ತಿರಲಿಲ್ಲ.

ದೇವಿ ಕೈಯಲ್ಲಿದ್ದ ಇಮೇಲಿನ ಪ್ರಿಂಟನ್ನು ನಮಗೆ ಓದಿ ಹೇಳಿದಳು. ವಿಭಾಗದ ಮುಖ್ಯಸ್ಥೆ ಬರೆದದ್ದು. ಕಮಿಟಿಗೆ ಶಿವದೇವಿಯ ಸಂಶೋಧನೆಯ ವಿಷಯ ಬಹಳ ಹಿಡಿಸಿದೆ. ಕೊನೆಗೆ ಉಳಿದಿರುವುದು ಇಬ್ಬರು, ಅವಳು ಮತ್ತೆ ಬೇರೆ ದೇಶದ ಒಬ್ಬ ಹುಡುಗ. ಆದರೆ ಈ ನಿಧಿ ಇರುವುದು ಬೇರೆ ದಾರಿ ಇಲ್ಲದವರಿಗೆ. ಸ್ವಂತ ಮನೆ, ಎಂಟು ಎಕರೆ ಜಮೀನು, ಅಧಿಕಾರಿಯಾದ ತಂದೆ, ಕಾರ್ಯನಿರ್ವಾಹಕ ಇಂಜಿನಿಯರ್ ಆದ ಸೋದರಮಾವ ಇರುವ ಕುಟುಂಬ, ಯಾವ ಮೊತ್ತವನ್ನೂ ಕೇಳದ ಕುಟುಂಬ, ಯಾಕೆ ಅರ್ಜಿ ಹಾಕಿದೆ ಎಂಬುದು ಕಮಿಟಿಗೆ ಅರ್ಥವಾಗಿಲ್ಲ. ಗುರುವಾರ ಭಾರತದ ಸಮಯ ಮಧ್ಯಾಹ್ನ ಎರಡೂವರೆಗೆ ಮನೆಗೆ ಫೋನ್ ಮಾಡುತ್ತೇವೆ. ಮೂರನೇ ಪುಟ ತುಂಬಿದವರು ಪಕ್ಕದಲ್ಲಿರಲಿ. ಅದೇ ದಿನ ತೀರ್ಮಾನ.

ಓದಿ ಮುಗಿಸಿ ಅವಳು ಗೋಡೆಗೆ ಆನಿಕೊಂಡು ಕೂತಳು. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬಯ್ಯಲಿಲ್ಲ.

"ಸುಳ್ಳಾದ್ರ ಅಲ್ಲ ಅಂತ ಹೇಳಬಹುದಿತ್ತು," ಅಂದಳು. "ಎಲ್ಲಾ ಖರೇನ ಬರದೀಯವಾ. ಈಗ ಏನಂತ ಹೇಳೋದು?"

ಬುಧವಾರ ಆಫೀಸಿನಲ್ಲಿ ಒಂದೇ ಪತ್ರವನ್ನು ಮೂರು ಸಲ ತಪ್ಪು ಟೈಪು ಮಾಡಿದೆ. ಮಧ್ಯಾಹ್ನ ನನ್ನ ಅಣ್ಣ ಅಮರೇಶಪ್ಪನಿಗೆ ಫೋನ್ ಹಚ್ಚಿದೆ. ಅವನೇ ಆ ಕಾರ್ಯನಿರ್ವಾಹಕ ಇಂಜಿನಿಯರು. ಹೆಸರು ಬರೆದ ಮೇಲೆ ಅವನಿಗೆ ಹೇಳದೆ ಇರುವಂತಿಲ್ಲ, ನಾಳೆ ಅವರು ಅವನ ಬಗ್ಗೆಯೂ ಕೇಳುವವರೇ. ಹೇಳಿದೆ. ಅವನಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ.

"ನನ್ನ ಹೆಸರು ಜರ್ಮನಿ ತನಕ ಮುಟ್ಟೇತಿ?" ಅಂದ. "ನಾ ಬರ್ತೀನಿ ತಡಿ. ನೀವಿಬ್ಬರ ಹೆಣಮಕ್ಕಳು ಏನ್ ಮಾತಾಡ್ತೀರಿ ಅವರ ಜೋಡಿ."

ಗುರುವಾರ ನಾನು ಅರ್ಧ ದಿನದ ರಜೆ ಹಾಕಿದೆ. ನಮ್ಮವರಿಗೆ ರಜೆ ಸಿಗಲಿಲ್ಲ. ಅಣ್ಣ ಎರಡಕ್ಕೇ ಬಂದ, ಇಸ್ತ್ರಿ ಮಾಡಿದ ಸಫಾರಿ ತೊಟ್ಟು, ಸೆಂಟು ಹಚ್ಚಿಕೊಂಡು.

"ಫೋನಿನಾಗ ಕಾಣ್ಸೂದಿಲ್ಲ ಮಾಮಾ," ಅಂದಳು ದೇವಿ.

"ದನಿಯಾಗ ಗೊತ್ತಾಗ್ತೈತಿ," ಅಂದು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತ. ನನ್ನ ಕಡೆ ತಿರುಗಿ, "ನೋಡು ನಲಿನಿ, ಹೊಲದ ಮ್ಯಾಲ ಕೋರ್ಟಿನಾಗ ದಾವಾ ಐತಿ ಅಂತ ಹೇಳು. ಮರ್ಯಾದಿನೂ ಉಳೀತೈತಿ, ರೊಕ್ಕಾನೂ ಬರ್ತೈತಿ," ಅಂದ.

"ದಾವಾ ಇಲ್ಲಲ್ಲ ಅಣ್ಣಾ."

"ಇವತ್ತ ಇಲ್ಲ."

ಎರಡೂವರೆ ಅಂದರೆ ಎರಡೂವರೆಗೇ ಫೋನು ಬಡಿದುಕೊಂಡಿತು. ದೇವಿ ಎತ್ತಿದಳು. ಅವಳ ಬಾಯಿಂದ ಜರ್ಮನ್ ಅಷ್ಟು ಉದ್ದಕ್ಕೆ ಬರುವುದನ್ನು ನಾನು ಅಂದೇ ಮೊದಲು ಕೇಳಿದ್ದು. ಒಂದು ಕ್ಷಣ ನಾನು ಸುಮ್ಮನೆ ಅವಳ ಬಾಯಿ ನೋಡುತ್ತ ನಿಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಎಲ್ಲಿಯ ಮಾತನ್ನು ಎಷ್ಟು ಸರಾಗ ಆಡುತ್ತಿದೆ.

ಅವಳು ರಿಸೀವರಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು. "ಹೊಲದ್ದು ಕೇಳಾಕತ್ತಾರ. ಅದರ ಉತ್ಪನ್ನ ಎಷ್ಟಂತ."

ಅಣ್ಣ ಕಣ್ಸನ್ನೆ ಮಾಡಿದ. ನಾನು ಅವನ ಕಡೆ ನೋಡಲಿಲ್ಲ.

"ಎಂಟು ಎಕರೆ ಖರೆ ಅಂತ ಹೇಳು. ಮೂರು ಪಾಲು. ನಮ್ಮ ಪಾಲು ನನ್ನ ಮೈದುನ ಮಾಡ್ತಾನ. ವರ್ಷಕ್ಕ ಒಂದು ಚೀಲ ತೊಗರಿ ಕಳಸ್ತಾನ, ಅದೂ ಅವನಿಗೆ ನೆನಪಾದ್ರ. ಊರಾಗಿನ ಮನೀನೂ ಹಂಗನ, ಮೂರು ಮಂದೀದು. ಮ್ಯಾಲ ಮುಚ್ಚಿಗಿ ಇರೋದು ಒಂದ ಕೋಣಿಗೆ. ಇಲ್ಲೆ ನಾವು ಇರೋದು ಬಾಡಗಿ ಮನ್ಯಾಗ."

ದೇವಿ ಹೇಳಿದಳು. ಆ ಕಡೆ ನಗು ಕೇಳಿಸಿತು.

"ಯಾಕ ನಗ್ತಾರ?"

"ನೆನಪಾದ್ರ ಅಂದ್ಯಲ್ಲ, ಅದಕ್ಕ. ತೊಗರಿ ಅಂದ್ರ ಏನಂತ ಬ್ಯಾರೆ ಕೇಳಾಕತ್ತಾರ." ಮತ್ತೆ ಜರ್ಮನಿಗೆ ಹೋಗಿ ಬಂದಳು. "ಅಪ್ಪಾಜೀದು ಕೇಳ್ತಾರ."

"ಬಾಯ್ಲರ್ ಹತ್ರ ನಿಲ್ತಾರ. ನಸಿಕಿನ ಐದಕ್ಕ ಬಸ್ಸು. ಆಫೀಸರ್ ಅಂತ ನಾನ ಬರದದ್ದು, ಅವರಿಗೆ ಗೊತ್ತಿರಲಿಲ್ಲ."

ಮಾತು ಹೊರಬಿದ್ದ ಮೇಲೆ ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹೊತ್ತ ಕೊಡ ಇಳಿಸಿದ ಹಾಗಾಯಿತು. ಬೆನ್ನು ನೆಟ್ಟಗಾಯಿತು.

ಆಮೇಲೆ ದೇವಿ ಒಂದು ಪ್ರಶ್ನೆ ಕೇಳಿಸಿಕೊಂಡು, ಅದನ್ನು ನನಗೆ ಹೇಳದೆ ಮಾಮಾನ ಮುಖ ನೋಡಿದಳು.

"ಏನಂತ?" ಅಂದ ಅಣ್ಣ.

"ಸೋದರಮಾವ ಒಂದು ವರ್ಷದ ಖರ್ಚು ಕೊಡಲಿಕ್ಕೆ ಆಗೂದಿಲ್ಲೇನು ಅಂತ ಕೇಳ್ತಾರ, ಮಾಮಾ."

ಅಣ್ಣ ಸಫಾರಿಯ ಗುಂಡಿಯನ್ನು ಹಾಕಿದ, ತೆಗೆದ. ನಾನು ಅವನ ಪರವಾಗಿ ಏನಾದರೂ ಇಸ್ತ್ರಿ ಮಾಡಿ ಹೇಳಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತಾಡಿದ.

"ಇಲ್ಲ ಅಂತ ಹೇಳವಾ," ಅಂದ. "ಇಬ್ಬರು ಹುಡುಗರಿಗೂ ಡೊನೇಶನ್ ಕೊಟ್ಟು ಸೀಟು ಕೊಡಿಸೀನಿ. ಪಿ.ಎಫ್. ತಗದೀನಿ. ನಿಮ್ಮ ಅತ್ತಿಗೂ ಗೊತ್ತಿಲ್ಲ ಅದು. ಮಾಮಾನ ಕೈಯಾಗ ಏನೂ ಇಲ್ಲ ಅಂತ ಹೇಳು. ಆದ್ರ ಜರ್ಮನ್‌ದಾಗಷ್ಟ ಹೇಳು."

ದೇವಿ ಜರ್ಮನ್‌ನಲ್ಲಷ್ಟೇ ಹೇಳಿದಳು. ನಾನು ಒಳಗೆ ಹೋಗಿ ಅಣ್ಣನಿಗೆ ನೀರು ತಂದುಕೊಟ್ಟೆ. ಒಂದೇ ಗುಟುಕಿಗೆ ಕುಡಿದ.

"ಕೊನೇ ಪ್ರಶ್ನೆ ಅವ್ವಾ. ಮೊತ್ತ."

ಅಲ್ಲಿಯವರೆಗೆ ಹರಿದು ಬಂದ ಮಾತು ನನಗೆ ಅಲ್ಲಿ ನಿಂತುಹೋಯಿತು. ಹೊಲದ್ದು ಹೇಳಿದ್ದೆ, ಗಂಡನದ್ದು ಹೇಳಿದ್ದೆ. ಆದರೆ ಗುರುತಿಲ್ಲದವರ ಎದುರು ಇಷ್ಟು ಕೊಡಿ ಎಂದು ಕೈ ಚಾಚುವ ಅಂಕಿ ನನ್ನ ನಾಲಿಗೆಗೆ ಹತ್ತಲಿಲ್ಲ. ಬಯ್ಯುವುದು ಬರುತ್ತದೆ, ದುಡಿಯುವುದು ಬರುತ್ತದೆ. ಕೇಳುವುದನ್ನು ನಮಗೆ ಯಾರೂ ಕಲಿಸಿಲ್ಲ.

"ಅವರಿಗೆ ಹೆಂಗ ಅನುಕೂಲ..." ಎಂದು ಶುರುಮಾಡಿದೆ.

"ಅದನ್ನ ನಾ ದಾಟಸೂದಿಲ್ಲ," ಅಂದಳು ದೇವಿ. ಗಟ್ಟಿಯಾಗಿ ಅನ್ನಲಿಲ್ಲ. "ಅಂಕಿ ಹೇಳು. ಆ ಇನ್ನೊಬ್ಬ ಹುಡುಗ ಹೇಳೇ ಇರ್ತಾನ. ನೀನೂ ಹೇಳು."

ಅವಳು ಲೆಕ್ಕ ಮಾಡಿಟ್ಟದ್ದು ನನಗೆ ಬಾಯಿಪಾಠವಾಗಿತ್ತು.

"ತಿಂಗಳಿಗೆ ಆರುನೂರು ಯೂರೋ," ಅಂದೆ. "ಹನ್ನೆರಡು ತಿಂಗಳು. ಅರ್ಧಾ ಕೊಟ್ರ ಉಪಯೋಗಿಲ್ಲ, ಉಳದ ಅರ್ಧಾ ನಮ್ಮ ಹತ್ರ ಇಲ್ಲ. ಪೂರಾ ಬೇಕು. ಕೊಡಲಿಲ್ಲ ಅಂದ್ರ ಹುಡುಗಿ ಬರೂದಿಲ್ಲ."

ಅವಳು ಒಂದು ಶಬ್ದ ಬಿಡದೆ ಹೇಳಿದಳು ಎಂದು ನನಗೆ ಹೇಗೋ ತಿಳಿಯಿತು. ಆ ಕಡೆಯಿಂದ ಏನೋ ಚಿಕ್ಕ ಮಾತು ಬಂತು. "ಹಿಡ್ಕೊಂಡ ಇರ್ರಿ ಅಂದ್ರು. ಕಮಿಟಿಯವರು ಎಲ್ಲಾ ಅದ ಕೋಣ್ಯಾಗ ಅದಾರಂತ."

ಕಾದೆವು. ಒಂದು ನಿಮಿಷ, ಎರಡು ನಿಮಿಷ. ದೇವಿ ರಿಸೀವರನ್ನು ಕಿವಿಗೆ ಒತ್ತಿಕೊಂಡಿದ್ದಳು, ನಾನು ಅವಳ ಹೆಗಲಿಗೆ ಗದ್ದ ಒತ್ತಿಕೊಂಡಿದ್ದೆ. ದೂರದಲ್ಲೆಲ್ಲೋ ಕುರ್ಚಿ ಸರಿಸಿದ ಸಪ್ಪಳ.

"ಐ.ಎಸ್.ಡಿ. ಬಿಲ್ಲು ಅವರಿಗೇ ಬರ್ತೈತಿ ಹೌದಲ್ಲೋ?" ಅಂದ ಅಣ್ಣ.

"ಮಾಮಾ, ಶ್."

ಆ ಕಡೆ ದನಿ ಬಂತು. ದೇವಿ ನೆಟ್ಟಗೆ ನಿಂತಳು. "ಯಾ," ಅಂದಳು. ಸ್ವಲ್ಪ ತಡೆದು ಮತ್ತೆ, "ಯಾ. ಯಾ."

"ಏನಂತ?" ಅಂದೆ. ಅವಳಿಗೆ ಕೇಳಿಸಲೇ ಇಲ್ಲ.

"ಯಾ ಅಂದ್ರ ಹೌದು ಅಂತ," ಅಣ್ಣ ನನ್ನ ಕಿವಿಯಲ್ಲಿ ಹೇಳಿದ.

"ಯಾವುದಕ್ಕ ಹೌದು?"

"ಅದು ನನಗೇನು ಗೊತ್ತು."

ಮಗಳ ಮುಖ ನೋಡಿದರೆ ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಿ "ಯಾ, ಯಾ" ಅನ್ನುತ್ತಿದೆ. ನೀರು ಯಾವ ನೀರೆಂದು ತಿಳಿಯದು. ಮೂರು ದಿನ ಫಿಟ್ಟರನ ಒಂದೊಂದು ನಟ್ಟು ಬೋಲ್ಟಿನ ಮಾತನ್ನೂ ದಾಟಿಸಿದವಳು, ತಾಯಿಗೆ ಈಗ ಒಂದು ಶಬ್ದ ದಾಟಿಸುತ್ತಿಲ್ಲ. ನಾನು ಅವಳ ರಟ್ಟೆಗೆ ಒಂದು ಬಿಟ್ಟೆ.

"ಕೊಟ್ರವಾ," ಅಂದಳು. "ಪೂರಾ ಕೊಟ್ರು. ಹನ್ನೆರಡೂ ತಿಂಗಳದು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಣ್ಣ ಸಫಾರಿಯ ತೋಳಿನಿಂದ ಮುಖ ಒರೆಸಿಕೊಂಡ. ದೇವಿ ಒಂದೇ ಉಸಿರಿನಲ್ಲಿ ಉಳಿದದ್ದು ಹೇಳುತ್ತಿದ್ದಳು: ಮೂರನೇ ಪುಟವನ್ನು ಹೊಸದಾಗಿ ಬರೆದು ಇವತ್ತೇ ಫ್ಯಾಕ್ಸ್ ಮಾಡಬೇಕಂತೆ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕಂತೆ. ವಾರಕ್ಕೊಂದು ದಿನ ಆ ಪಾದ್ರಿಗಳ ಪತ್ರದಲ್ಲಿರುವ ಕನ್ನಡ ಶಬ್ದಗಳನ್ನು ಉಳಿದ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕಂತೆ. ಸೆಪ್ಟೆಂಬರ್ ಕೊನೆಗೆ ಅಲ್ಲಿರಬೇಕು. ವೀಸಾದ ಪತ್ರ ನಾಳೆಯೇ ಹೊರಡುತ್ತದೆ.

"ಮತ್ತ ನಿನ್ನ ಜೋಡಿ ಮಾತಾಡಬೇಕಂತ," ಎಂದು ರಿಸೀವರನ್ನು ನನ್ನ ಕಿವಿಗೆ ಹಿಡಿದಳು.

ವಯಸ್ಸಾದ ಹೆಂಗಸಿನ ದನಿ. ಏನೋ ಹೇಳಿದರು, ನಿಧಾನವಾಗಿ, ನನ್ನ ಹೆಸರು ಸೇರಿಸಿ. ಒಂದು ಶಬ್ದವೂ ತಿಳಿಯಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಾರೆ ಎಂಬುದು ಮಾತ್ರ ತಿಳಿಯಿತು.

"ಭಾಳ ಉಪಕಾರ ಆತ್ರಿ," ಅಂದೆ ಕನ್ನಡದಲ್ಲೇ. "ಹುಡುಗಿ ಶ್ಯಾಣ್ಯಾ ಅದಾಳ್ರಿ. ಆದ್ರ ಮುಂಜಾನಿ ಏಳೂದು ಭಾಳ ತಡಾ. ಎರಡು ಸಲ ಎಬ್ಬಿಸಿದ್ರ ಏಳೂದಿಲ್ಲ, ಮೂರನೇ ಸಲ ಹೊಚಗೊಂಡದ್ದು ಎಳೀಬೇಕ್ರಿ. ಹಾಲು ಅಂದ್ರ ಮಾರಿ ತಿರವತಾಳ. ಸಿಟ್ಟು ಬಂದ್ರ ಊಟಾ ಬಿಡ್ತಾಳ, ಒಂದು ತಾಸು ಬಿಟ್ಟು ಕರದ್ರ ತಾನ ಬರ್ತಾಳ್ರಿ."

"ಅವ್ವಾ," ಅಂದಳು ದೇವಿ.

"ಒಂದ ಶಬ್ದ ಬಿಡಬ್ಯಾಡ, ಹೇಳು," ಎಂದು ರಿಸೀವರನ್ನು ಅವಳ ಕೈಗೆ ಕೊಟ್ಟೆ.

ಅವಳು ಒಂದು ಸಲ ಕಣ್ಣು ಮುಚ್ಚಿ, ಮೂಗು ಒರೆಸಿಕೊಂಡು, ಹೇಳತೊಡಗಿದಳು.